ಟೋಟಲ್ ಸ್ಟೇಷನ್ನಿನ ರಾ ಫೈಲು: ಓದೋದು, ಪ್ರಿಂಟು ತೆಗೆಯೋದು, ಕಾಪಿ ಇಡೋದು

#1 ತುದಿಗಲ್ಲು

ಲೈಕಾ ಟೋಟಲ್ ಸ್ಟೇಷನ್ನಿನಿಂದ (ಕೋನ, ದೂರ ಎರಡೂ ಅಳೆಯುವ ಸರ್ವೆ ಯಂತ್ರ) ಇಳಿಸಿದ ಜಿಎಸ್‌ಐ ಫೈಲುಗಳು, ಅಂದರೆ ಲೈಕಾದ ರಾ ಅಳತೆ ದಾಖಲೆಗಳು, ಸುಮಾರು ಮುನ್ನೂರಿವೆ. ಕೆಲವು ಜಿಎಸ್‌ಐ-8, ಕೆಲವು ಜಿಎಸ್‌ಐ-16. ಹಳೆ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿದಿದೆ. ಬೇಕಿರುವುದು ಮೂರೇ: ಒಳಗೇನಿದೆ ಅಂತ ಓದಬೇಕು, ಕಡತಕ್ಕೆ ಹಾಕುವಂಥ ಪ್ರಿಂಟು ಬೇಕು, ಹತ್ತು ವರ್ಷ ಬಿಟ್ಟು ತೆಗೆದರೂ ತೆರೆಯುವಂಥ ಬ್ಯಾಕಪ್ ಬೇಕು. ನೋಟ್‌ಪ್ಯಾಡಿನಲ್ಲಿ ಹೀಗೆ ಕಾಣುತ್ತದೆ:

110002+00000005 84..10+00500000 85..10+01000000 86..10+00100000 88..10+00001520
110003+00000101 21.324+17912450 22.324+08941200 31..00+00048362 51....+0000+000 87..10+00001500

ಎಕ್ಸೆಲ್ಲಿಗೆ ಹಾಕಿದರೆ ಕಲಸುಮೇಲೋಗರ. ಇದನ್ನು ಓದುವ ಕ್ರಮ ಏನು?

#2 ಶೂನ್ಯರೇಖೆ

ಇದು ಗೂಢಲಿಪಿ ಏನಲ್ಲ, ಪಕ್ಕಾ ಪಠ್ಯ. ಸಾಫ್ಟ್‌ವೇರೇ ಬೇಡ, ಕಣ್ಣಲ್ಲೇ ಓದಬಹುದು. ಒಂದು ಸಾಲು ಅಂದರೆ ಒಂದು ಬ್ಲಾಕ್. ಅದರೊಳಗೆ ಪದಗಳು. ಜಿಎಸ್‌ಐ-8ರಲ್ಲಿ ಪದಕ್ಕೆ 15 ಅಕ್ಷರ, ಕೊನೆಗೊಂದು ಖಾಲಿ ಜಾಗ, ಒಟ್ಟು 16. ಜಿಎಸ್‌ಐ-16ರಲ್ಲಿ 23 ಅಕ್ಷರ, ಒಂದು ಖಾಲಿ ಜಾಗ, ಒಟ್ಟು 24. 16ರದ್ದಾದರೆ ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ * ಇರುತ್ತದೆ. ಎರಡು ಬಗೆಯನ್ನು ಬೇರ್ಪಡಿಸಲು ಅಷ್ಟು ಸಾಕು.

ಪದದ ಮೊದಲ 2 ಅಂಕಿಯೇ ಅದು ಏನು ಅಂತ ಹೇಳುತ್ತದೆ. 11 ಬಿಂದುವಿನ ಹೆಸರು. 21 ಅಡ್ಡಕೋನ, 22 ಲಂಬಕೋನ. 31 ಓರೆ ದೂರ, 32 ಸಮತಲ ದೂರ, 33 ಎತ್ತರದ ವ್ಯತ್ಯಾಸ. 41 ಕೋಡ್, 42ರಿಂದ 49 ಆ ಕೋಡಿನ ಜೊತೆಯ ಮಾಹಿತಿ. 51ರಲ್ಲಿ ಪಿಪಿಎಂ (ಗಾಳಿಯ ಸ್ಥಿತಿಗೆ ತಕ್ಕ ದೂರದ ತಿದ್ದುಪಡಿ) ಮತ್ತು ಪ್ರಿಸಂ (ಗುರಿಯಲ್ಲಿ ಹಿಡಿಯುವ ಪ್ರತಿಫಲಕ) ಸ್ಥಿರಾಂಕ, ಅಂದರೆ ಆ ಪ್ರಿಸಮ್ಮಿಗೆ ದೂರದಲ್ಲಿ ಮಾಡುವ ತಿದ್ದುಪಡಿ. 81, 82, 83 ಗುರಿಯ ಪೂರ್ವ, ಉತ್ತರ, ಎತ್ತರ. 84, 85, 86 ಯಂತ್ರ ನಿಂತ ಜಾಗದ ಅದೇ ಮೂರು. 87 ಪ್ರಿಸಂ ಎತ್ತರ, 88 ಯಂತ್ರದ ಎತ್ತರ.

ನಿಮ್ಮ ಎರಡನೇ ಸಾಲು: ಬಿಂದು 101, ಅಡ್ಡಕೋನ 179°12′45″, ಲಂಬಕೋನ 89°41′20″, ಓರೆ ದೂರ 48.362 ಮೀ., ಪ್ರಿಸಂ ಎತ್ತರ 1.500 ಮೀ. ಮೊದಲನೇ ಸಾಲು ಸ್ಟೇಷನ್ 5: ಪೂರ್ವ 500.000, ಉತ್ತರ 1000.000, ಎತ್ತರ 100.000, ಯಂತ್ರದ ಎತ್ತರ 1.520.

ಸರಿಯಾಗಿ ಓದಿದ್ದೀರಾ ಅಂತ ಒಂದು ಬಿಂದುವನ್ನು ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ. ಲಂಬಕೋನ ನೆತ್ತಿಯಿಂದ ಅಳೆದದ್ದು, 90°ಗೆ 18′40″ ಕಡಿಮೆ. ಸಮತಲ ದೂರ 48.361, ಏರು 0.263. ನೆಲದ ಎತ್ತರ 100.000 + 1.520 + 0.263 − 1.500 = 100.283. ಅಡ್ಡಕೋನ ಉತ್ತರಕ್ಕೆ ಹೊಂದಿಸಿದ್ದಾಗಿದ್ದರೆ ಪೂರ್ವ 500.665, ಉತ್ತರ 951.643. ನಿಮ್ಮ ಹಳೆ ನಕ್ಷೆಯಲ್ಲಿ 101 ಅಲ್ಲೇ ಬಿದ್ದಿದ್ದರೆ ಓದಿದ್ದು ಸರಿ.

#3 ಪ್ಲಂಬ್‌ಬಾಬ್

ಮೇಲಿನದಕ್ಕೆ ಒಂದು ಸೇರ್ಪಡೆ. ಸಾಲಿನ ಮೊದಲ ಪದ ಬಿಟ್ಟು ಉಳಿದ ಪದಗಳಲ್ಲಿ 3ರಿಂದ 6ನೇ ಸ್ಥಾನದ ನಾಲ್ಕು ಅಕ್ಷರಗಳನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಜಗಳ ಬಂದಾಗ ಕೆಲಸಕ್ಕೆ ಬರುವುದು ಅವೇ.

6ನೇ ಸ್ಥಾನ ಅಳತೆಯ ಮಾನ: 0 ಅಂದರೆ ಮೀಟರ್, ಕೊನೆ ಅಂಕಿ ಮಿ.ಮೀ. 1 ಅಂದರೆ ಅಡಿ, ಸಾವಿರದೊಂದು ಭಾಗದವರೆಗೆ. 2 ಗಾನ್ (ವೃತ್ತಕ್ಕೆ 400 ಭಾಗ). 3 ದಶಮಾಂಶ ಡಿಗ್ರಿ. 4 ಡಿಗ್ರಿ-ಮಿನಿಟ್-ಸೆಕೆಂಡ್. 6 ಅಂದರೆ ಮೀಟರೇ, ಆದರೆ ಕೊನೆ ಅಂಕಿ ಮಿ.ಮೀ.ನ ಹತ್ತನೇ ಒಂದು.

5ನೇ ಸ್ಥಾನ ಆ ಸಂಖ್ಯೆ ಬಂದದ್ದೆಲ್ಲಿಂದ ಅನ್ನುತ್ತದೆ: 0 ಯಂತ್ರ ಅಳೆದದ್ದು, 1 ಕೈಯಲ್ಲಿ ಒತ್ತಿದ್ದು, 2 ಅಡ್ಡಕೋನದ ತಿದ್ದುಪಡಿ ಚಾಲೂ ಇದ್ದಾಗ ಅಳೆದದ್ದು, 3 ಅದು ಬಂದ್ ಇದ್ದಾಗ ಅಳೆದದ್ದು, 4 ಯಂತ್ರವೇ ಲೆಕ್ಕ ಹಾಕಿದ್ದು. 4ನೇ ಸ್ಥಾನ ಕಾಂಪೆನ್ಸೇಟರಿಗೆ (ಯಂತ್ರದ ಸಣ್ಣ ವಾಲುವಿಕೆಯನ್ನು ಸರಿಪಡಿಸುವ ಭಾಗ): 3 ಇದ್ದರೆ ಚಾಲೂ, 0 ಇದ್ದರೆ ಬಂದ್.

ಹಾಗಾಗಿ 21.324 ಅಂದರೆ ಕಾಂಪೆನ್ಸೇಟರ್ ಚಾಲೂ, ತಿದ್ದುಪಡಿ ಚಾಲೂ, ಡಿಗ್ರಿ-ಮಿನಿಟ್-ಸೆಕೆಂಡ್. 84..10 ಅಂದರೆ ಸ್ಟೇಷನ್ನಿನ ಪೂರ್ವವನ್ನು ಯಾರೋ ಕೀಲಿಮಣೆಯಲ್ಲಿ ಒತ್ತಿದ್ದಾರೆ. ಅದೇ 84..40 ಇದ್ದರೆ ಫ್ರೀ ಸ್ಟೇಷನ್ ಮಾಡಿ, ಅಂದರೆ ಗೊತ್ತಿರುವ ಬಿಂದುಗಳನ್ನು ನೋಡಿ ಯಂತ್ರವೇ ತನ್ನ ಜಾಗ ಲೆಕ್ಕ ಹಾಕಿ, ಬಂದದ್ದು. 31..10 ಕಂಡರೆ ಎದೆ ಧಸಕ್ ಅನ್ನಬೇಕು, ಯಾಕೆಂದರೆ ದೂರವನ್ನು ಯಂತ್ರ ಅಳೆದಿಲ್ಲ, ಟೇಪಿನಲ್ಲಿ ಅಳೆದು ತುಂಬಿದ್ದಾರೆ. ತಪ್ಪೇನಿಲ್ಲ, ಆದರೆ ಗೊತ್ತಿರಬೇಕು.

#4 ಸರಪಳಿ33

ಇಷ್ಟೆಲ್ಲ ಯಾಕೆ? ಬಿಂದು, ಪೂರ್ವ, ಉತ್ತರ, ಎತ್ತರ, ಕೋಡ್ ಇರುವ ಒಂದು ಸಿಎಸ್‌ವಿ ಇಟ್ಟರೆ ಸಾಕಲ್ಲ? ನಕ್ಷೆ ಬರೆಯೋಕೆ ಬೇಕಿರೋದು ಅದೇ. ರಾ ಫೈಲನ್ನು ಒಮ್ಮೆ ಇಳಿಸಿ ಲೆಕ್ಕ ಹಾಕಿದ ಮೇಲೆ ಯಾರೂ ತಿರುಗಿ ನೋಡೋಲ್ಲ.

#5 ಶೂನ್ಯರೇಖೆ

@ಸರಪಳಿ33 ಸಿಎಸ್‌ವಿ ಇಟ್ಟರೆ ಉತ್ತರ ಇಟ್ಟ ಹಾಗೆ, ಲೆಕ್ಕ ಹರಿದು ಹಾಕಿದ ಹಾಗೆ. ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನೇ ತೆಗೆದುಕೊಳ್ಳಿ. ಲೈಕಾ ಲೆಕ್ಕದಲ್ಲಿ ಅವರದೇ ದುಂಡು ಪ್ರಿಸಮ್ಮಿನ ಸ್ಥಿರಾಂಕ 0. ನಿಜಕ್ಕೆ ಅದು −34.4 ಮಿ.ಮೀ., ಆದರೆ ಅದನ್ನು ಸೊನ್ನೆ ಅಂತ ಹಿಡಿದಿದ್ದಾರೆ. ಆದ್ದರಿಂದ ಬೇರೆ ಕಂಪನಿಯ −30 ಅಂತ ಬರೆದಿರುವ ಪ್ರಿಸಂ ಹಾಕಿದರೆ ಯಂತ್ರಕ್ಕೆ ಕೊಡಬೇಕಾದದ್ದು +4.4. ಪ್ರಿಸಮ್ಮಿನ ಮೇಲೆ −30 ಅಂತಿದೆಯಲ್ಲ ಅಂತ ಅದನ್ನೇ ಒತ್ತಿದರೆ ಪ್ರತಿ ದೂರವೂ 34.4 ಮಿ.ಮೀ. ಗಿಡ್ಡ.

ಇದು ರಾ ಫೈಲಿನಲ್ಲಿ 51....+0000-030 ಅಂತ ಎದ್ದು ಕಾಣುತ್ತದೆ. ಪ್ರತಿ ಓರೆ ದೂರಕ್ಕೂ 34.4 ಮಿ.ಮೀ. ಕೂಡಿಸಿ ಮತ್ತೆ ಲೆಕ್ಕ ಹಾಕಿದರೆ ಮುಗಿಯಿತು, ಹೊಲಕ್ಕೆ ಹೋಗುವ ಕೆಲಸ ಇಲ್ಲ. ಸಿಎಸ್‌ವಿ ಮಾತ್ರ ಇದ್ದರೆ? ಯಾವ ಬಿಂದು ಯಾವ ಸ್ಟೇಷನ್ನಿನಿಂದ ನೋಡಿದ್ದು ಅಂತಲೇ ಅದರಲ್ಲಿ ಇರುವುದಿಲ್ಲ. ಪ್ರತಿ ಬಿಂದುವೂ ತನ್ನ ಸ್ಟೇಷನ್ನಿನ ಕಡೆಗೆ ಸರಿದಿರುತ್ತದೆ. ಯಾವ ಕಡೆಗೆ ಅಂತ ಗೊತ್ತಿಲ್ಲದೆ ತಿದ್ದುವುದು ಹೇಗೆ?

ಪ್ರಿಸಂ ಎತ್ತರದ್ದೂ ಇದೇ ಕಥೆ. ಬೇಲಿ ಅಡ್ಡ ಬಂತು ಅಂತ ಕೋಲನ್ನು 1.5ರಿಂದ 2.0ಕ್ಕೆ ಏರಿಸಿ, ಯಂತ್ರದಲ್ಲಿ ಬದಲಿಸದೆ ಬಿಟ್ಟರೆ ಅಲ್ಲಿಂದ ಮುಂದಿನ ಎತ್ತರವೆಲ್ಲ ಅರ್ಧ ಮೀಟರ್ ಜಾಸ್ತಿ. ಹದ್ದುಬಸ್ತಿಗೆ ಇದರಿಂದ ತೊಂದರೆ ಇಲ್ಲ, ಕೆರೆ ಏರಿಯದ್ದೋ ಕಾಲುವೆಯದ್ದೋ ಲೆವೆಲ್ ಆಗಿದ್ದರೆ ಕೆಲಸವೇ ಹಾಳು. 87ನೇ ಪದ ಎಲ್ಲಿ ಬದಲಾಗಿದೆ, ಎಲ್ಲಿ ಬದಲಾಗಬೇಕಿತ್ತು ಅಂತ ರಾ ಫೈಲಿನಲ್ಲಿ ಹುಡುಕಬಹುದು.

#6 ಸರಪಳಿ33

ಪ್ರಿಸಮ್ಮಿನ ಮಾತು ಒಪ್ಪಿದೆ. ಆದರೂ ಟಿಪ್ಪಣಿಗೆ (ಹಳೆ ಸರ್ವೆಯ ಅಳತೆ ದಾಖಲೆ) ಹೋಲಿಸಿ ನೋಡುವ ಕೆಲಸದಲ್ಲಿ 34 ಮಿ.ಮೀ. ಲೆಕ್ಕಕ್ಕೇ ಬರೋಲ್ಲ. ನಮ್ಮ ಸರಪಳಿ 33 ಅಡಿ, ಅದಕ್ಕೆ 16 ಆಣೆ, ಅಂದರೆ ಒಂದು ಆಣೆ 2.0625 ಅಡಿ, ಸುಮಾರು 63 ಸೆಂ.ಮೀ. ಹಳೆ ಅಳತೆಯೇ ಆಣೆಯ ಲೆಕ್ಕದಲ್ಲಿರುವಾಗ ಮಿ.ಮೀ. ಹಿಡಿದು ಏನು ಮಾಡೋಣ?

#7 ಶೂನ್ಯರೇಖೆ

ಟಿಪ್ಪಣಿಯ ಮಟ್ಟಿಗೆ ಸರಿ. ಬೆಂಗಳೂರಿನ 30×40 ಸೈಟಿಗೆ ಅದೇ ಮಾತು ಹೇಳಿ ನೋಡಿ. ಮೂರೂವರೆ ಸೆಂಟಿಮೀಟರಿಗೆ ಕಾಂಪೌಂಡು ಒಡೆಸಿದವರಿದ್ದಾರೆ.

#8 ತುದಿಗಲ್ಲು

ಓದುವುದು ಗೊತ್ತಾಯಿತು, ಥ್ಯಾಂಕ್ಸ್. ಪ್ರಿಂಟು? ಎ4 ಹಾಳೆಯಲ್ಲಿ ಸಾಲು ತುಂಡಾಗಿ ಕೆಳಗೆ ಬೀಳುತ್ತಿದೆ. ಜಿಎಸ್‌ಐ-16ರದ್ದಂತೂ ಒಂದು ಸಾಲು ಮೂರು ಸಾಲಾಗುತ್ತದೆ.

#9 ಕೆಂಪುಬಾವುಟ

ಪ್ರಿಂಟಿಗೆ ಲೆಕ್ಕ ಸರಳ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್ ಮಾತ್ರ ಬಳಸಿ, ಕುರಿಯರ್ ನ್ಯೂ ಅಥವಾ ಕನ್ಸೋಲಾಸ್. ಏರಿಯಲ್ಲಿನಲ್ಲಿ ತೆಗೆದರೆ ಕಾಲಂ ಯಾವುದೂ ಕೂರುವುದಿಲ್ಲ. ಕುರಿಯರಿನಲ್ಲಿ ಇಂಚಿಗೆ ಎಷ್ಟು ಅಕ್ಷರ ಅಂದರೆ 120ನ್ನು ಪಾಯಿಂಟಿನಿಂದ ಭಾಗಿಸಿ. 10 ಪಾಯಿಂಟಿಗೆ ಇಂಚಿಗೆ 12.

ಎ4 ಉದ್ದ 11.69 ಇಂಚು. ಹಾಳೆ ಅಡ್ಡ ಹಾಕಿ, ಎರಡೂ ಕಡೆ ಅರ್ಧ ಇಂಚು ಬಿಟ್ಟರೆ 10.69 ಇಂಚು, ಅಂದರೆ 10 ಪಾಯಿಂಟಿನಲ್ಲಿ 128 ಅಕ್ಷರ. 8 ಪದಗಳ ಜಿಎಸ್‌ಐ-8 ಸಾಲು ಸರಿಯಾಗಿ 128! ಅಳೆದು ಹೊಲಿಸಿದ ಹಾಗೆ. ಆದರೂ ಪ್ರಿಂಟರಿನ ಅಂಚು ನಂಬಬೇಡಿ, 9.5 ಹಾಕಿ. ಜಿಎಸ್‌ಐ-16ರ 8 ಪದಕ್ಕೆ ನಕ್ಷತ್ರ ಸೇರಿ 193 ಅಕ್ಷರ, ಕುರಿಯರ್ 6.5 ಪಾಯಿಂಟಿಗೆ ಇಳಿಸಬೇಕು, ಕನ್ಸೋಲಾಸ್ ಆದರೆ 7ಕ್ಕೂ ಕೂರುತ್ತದೆ. ಅದು ಕಣ್ಣಿಗೆ ಹಿಂಸೆ ಅನ್ನಿಸಿದರೆ ಎ3. ಸೊಕ್ಕಿಯಾ ಎಸ್‌ಡಿಆರ್33ರ ಅಳತೆಯ ಸಾಲು 4 + 6×16 = 100 ಅಕ್ಷರ, ಹಾಳೆ ಉದ್ದಕ್ಕೇ ಇಟ್ಟು 8.5 ಪಾಯಿಂಟಿನಲ್ಲಿ ಬರುತ್ತದೆ.

ನೋಟ್‌ಪ್ಯಾಡ್++ನಲ್ಲಿ ಪ್ರಿಂಟಿನ ಸೆಟ್ಟಿಂಗಿಗೆ ಹೋಗಿ ಸಾಲಿನ ಸಂಖ್ಯೆ ಚಾಲೂ ಮಾಡಿ, ತಲೆಬರಹಕ್ಕೆ ಫೈಲಿನ ಪೂರ್ತಿ ದಾರಿ, ಅಡಿಬರಹಕ್ಕೆ ಪುಟದ ಸಂಖ್ಯೆ ಹಾಕಿ. ಈ ಮೂರಿಲ್ಲದ ಪ್ರಿಂಟು ಕಡತದಿಂದ ಜಾರಿ ಬಿದ್ದರೆ ಯಾವ ಸರ್ವೆ ನಂಬರಿನದ್ದು ಅಂತ ದೇವರಿಗೂ ಗೊತ್ತಾಗೋಲ್ಲ. ಸೀದಾ ಪ್ರಿಂಟರಿಗೆ ಕಳಿಸುವ ಮೊದಲು ಪಿಡಿಎಫ್ ಮಾಡಿ ಕೊನೆ ಪುಟ ನೋಡಿ. ಇಂಕ್‌ಜೆಟ್ ಬೇಡ, ಒಂದು ಹನಿ ನೀರಿಗೆ ಅಂಕಿ ಹರಡುತ್ತದೆ. ಲೇಸರ್ ತೆಗೆಸಿ.

#10 ಪ್ಲಂಬ್‌ಬಾಬ್

ಕಡತಕ್ಕೆ ಎರಡು ಪ್ರಿಂಟು ಇಡಿ. ಒಂದು ಕೆಂಪುಬಾವುಟ ಹೇಳಿದ ಹಸಿ ಪ್ರಿಂಟು, ಇನ್ನೊಂದು ಫೀಲ್ಡ್‌ಬುಕ್ಕಿನ ಹಾಗೆ ಬಿಡಿಸಿದ್ದು: ಸ್ಟೇಷನ್, ಬಿಂದು, ಅಡ್ಡಕೋನ, ಲಂಬಕೋನ, ಓರೆ ದೂರ, ಪ್ರಿಸಂ ಎತ್ತರ, ಕೋಡ್. ಎರಡನೆಯದು ಮನುಷ್ಯರಿಗೆ.

ಅದಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಪಠ್ಯದ ಫೈಲು ತೆರೆಯುವಾಗ ಬರುವ ಕಿಟಕಿಯಲ್ಲಿ 'ನಿಗದಿತ ಅಗಲ' ಆರಿಸಿ ಪ್ರತಿ 16ನೇ ಅಕ್ಷರಕ್ಕೆ ಗೆರೆ ಎಳೆಯಿರಿ. ಆಮೇಲೆ ಎಲ್ಲ ಕಾಲಂ ಆಯ್ದು ಬಗೆಯನ್ನು 'ಪಠ್ಯ' ಅಂತ ಮಾಡಿ. ಈ ಕೊನೆಯ ಹೆಜ್ಜೆ ತಪ್ಪಿದರೆ ಆಟ ಮುಗಿಯಿತು. ಕೋನದ ಪದದಿಂದ ಬಲಗಡೆಯ 8 ಅಂಕಿ ಕತ್ತರಿಸಿಕೊಳ್ಳಿ: ಮೊದಲ 3 ಡಿಗ್ರಿ, ನಂತರದ 2 ಮಿನಿಟ್, ಉಳಿದ 3 ಸೆಕೆಂಡಿನ ಹತ್ತರಷ್ಟು. ಜಿಎಸ್‌ಐ-16ರಲ್ಲೂ ಬಲಗಡೆಯ 8 ಅಂಕಿಯೇ.

ಒಂದು ಕೊಕ್ಕೆ ಇದೆ. ಸ್ಟೇಷನ್ ಸಾಲಿನಲ್ಲಿ ಎರಡನೇ ಪದ 84, ಅಳತೆ ಸಾಲಿನಲ್ಲಿ ಎರಡನೇ ಪದ 21. ಒಂದೇ ಕಾಲಂಗೆ ಎರಡೂ ಬಂದು ಕೂರುತ್ತವೆ. ಆದ್ದರಿಂದ ಕಾಲಂ ಜಾಗ ನೋಡಿ ಲೆಕ್ಕ ಹಾಕಬೇಡಿ, ಪದದ ಮೊದಲ 2 ಅಂಕಿ ನೋಡಿ. ಸ್ಟೇಷನ್ ಸಾಲುಗಳನ್ನು ಬೇರೆ ಶೀಟಿಗೆ ಎತ್ತಿಹಾಕಿದರೆ ಇನ್ನೂ ಸಲೀಸು.

#11 ಕೆಂಪುಬಾವುಟ

ಎಕ್ಸೆಲ್ಲಿನ ಕಾಟ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಮುನ್ನೂರು ಫೈಲಿದ್ದಾಗ ಇದರಲ್ಲಿ ಬಿದ್ದೇ ಬೀಳುತ್ತೀರಿ. ಡಬಲ್ ಕ್ಲಿಕ್ ಮಾಡಿ ಸಿಎಸ್‌ವಿ ತೆರೆದ ಕೂಡಲೇ ಅದು ತನಗೆ ತೋಚಿದ ಹಾಗೆ ಬದಲಿಸುತ್ತದೆ. ಬಿಂದು 007 ಬರೀ 7 ಆಗುತ್ತದೆ. ಹಿಸ್ಸಾ ನೆನಪಿಗೆ ಅಂತ ಬಿಂದುವಿಗೆ 5/2 ಅಂತಲೋ 3-5 ಅಂತಲೋ ಹೆಸರಿಟ್ಟಿದ್ದರೆ ತಾರೀಖು ಆಗುತ್ತದೆ. ಎಲ್ಲಕ್ಕಿಂತ ಮಜಾ ನಮ್ಮ 11ಇ ಸ್ಕೆಚ್ಚಿನವರದ್ದು (ಜಮೀನು ಭಾಗ ಮಾಡಿ ಪರಭಾರೆ ಮಾಡುವ ಮುಂಚಿನ ನಕ್ಷೆ). ಬಿಂದುವಿಗೆ ಇಂಗ್ಲಿಷ್ ಅಕ್ಷರದಲ್ಲಿ 11ಇ1, 11ಇ2 ಅಂತ ಬರೆದರೆ ಎಕ್ಸೆಲ್ಲು ಅದನ್ನು ಘಾತ ಅಂತ ಓದಿ 110, 1100 ಮಾಡಿಡುತ್ತದೆ. ಉಳಿಸಿದಿರೋ, ಹಳೆ ಹೆಸರು ವಾಪಸ್ ಬರೋಲ್ಲ.

ನೋಡೋಕೆ ಕಾಪಿ, ಮೂಲ ಮುಟ್ಟೋ ಹಾಗಿಲ್ಲ. ಇಳಿಸಿದ ತಕ್ಷಣ ಮೂಲ ಫೈಲಿನ ಗುಣಲಕ್ಷಣದಲ್ಲಿ 'ಓದಲು ಮಾತ್ರ' ಅಂತ ಗುರುತು ಹಾಕಿಬಿಡಿ.

#12 ಲೆವೆಲ್‌ಗುಳ್ಳೆ

ತಪ್ಪಾಗಿ ನೋಡಿದ ಶಾಟುಗಳನ್ನು ರಾ ಫೈಲಿನಿಂದ ಅಳಿಸಬಹುದಾ? ಹಸು ಅಡ್ಡ ಬಂದು ಅದರ ಬೆನ್ನಿಗೆ ಲೇಸರ್ ಹೊಡೆದ ಬಿಂದು ಎಲ್ಲ ಇದೆ.

#13 ಶೂನ್ಯರೇಖೆ

ಅಳಿಸಬೇಡಿ. ಪಕ್ಕದಲ್ಲಿ ಅದೇ ಹೆಸರಿನ ಟಿಪ್ಪಣಿ ಫೈಲು ಮಾಡಿ, 'ಸಾಲು 0087, ಬಿಂದು 164, ಬಿಡತಕ್ಕದ್ದು, ಅಡ್ಡ ವಸ್ತು' ಅಂತ ಬರೆಯಿರಿ. ಲೆಕ್ಕದ ಕಾಪಿಯಲ್ಲಿ ಬಿಡಿ, ಮೂಲದಲ್ಲಿ ಹಸು ಹಾಗೇ ಇರಲಿ.

ಮೂಲವನ್ನು ತೆರೆದು ಬರೀ ಸೇವ್ ಒತ್ತಿದರೂ ಕೆಡುವ ಸಾಧ್ಯತೆ ಇದೆ. ಎಡಿಟರ್ ಅದನ್ನು ಯುಟಿಎಫ್-8 ಬಿಒಎಂ ಮಾಡಿ ಉಳಿಸಿದರೆ ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ 3 ಬೈಟ್ ಸೇರುತ್ತದೆ, ಆಮೇಲೆ ಸಾಫ್ಟ್‌ವೇರು ಮೊದಲ ಸಾಲನ್ನು ಗುರುತಿಸುವುದಿಲ್ಲ. ಮೊದಲ ಸಾಲು ಸ್ಟೇಷನ್ನಿನದ್ದಾಗಿದ್ದರೆ ಅದರ ಕೆಳಗಿನ ಶಾಟುಗಳೆಲ್ಲ ಅನಾಥ. ಎಡಿಟರ್ ಸಾಲಿನ ಕೊನೆಯ ಖಾಲಿ ಜಾಗ ಸವರಿದರೂ ತೊಂದರೆ, ಯಾಕೆಂದರೆ ಕೊನೆಯ ಪದಕ್ಕೂ ಆ ಒಂದು ಖಾಲಿ ಅಕ್ಷರ ಬೇಕು.

#14 ಲೆವೆಲ್‌ಗುಳ್ಳೆ

ಬೇರೆ ಕಂಪನಿಯ ಯಂತ್ರದ ಫೈಲುಗಳಿಗೂ ಇದೇ ನಿಯಮನಾ? ನಿಕಾನ್, ಸೊಕ್ಕಿಯಾ ಎರಡೂ ಇವೆ.

#15 ಪ್ಲಂಬ್‌ಬಾಬ್

ಎರಡೂ ಪಠ್ಯವೇ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತವೆ. ನಿಕಾನಿನದ್ದು ಅಲ್ಪವಿರಾಮ ಹಾಕಿ ಬಿಡಿಸಿದ್ದು: ಬಿಂದು, ಪ್ರಿಸಂ ಎತ್ತರ, ಓರೆ ದೂರ, ಅಡ್ಡಕೋನ, ಲಂಬಕೋನ, ಸಮಯ, ಕೋಡ್. ಸೊಕ್ಕಿಯಾ ಎಸ್‌ಡಿಆರ್‌ನಲ್ಲಿ ಅಲ್ಪವಿರಾಮ ಇಲ್ಲ, ಬರೀ ಅಗಲ. ಅದರಲ್ಲಿ 02 ಸ್ಟೇಷನ್, 03 ಪ್ರಿಸಂ ಎತ್ತರ, 07 ಹಿನ್ನೋಟದ ದಿಕ್ಕು, 08 ನಿರ್ದೇಶಾಂಕ, 09 ಅಳತೆ, 13 ಟಿಪ್ಪಣಿ. 09ರ ಸಾಲಿನಲ್ಲಿ ದೂರದ ನಂತರ ಮೊದಲು ಲಂಬಕೋನ, ಆಮೇಲೆ ಅಡ್ಡಕೋನ. ನಿಕಾನಿಗೆ ಉಲ್ಟಾ.

ಹುಷಾರಾಗಿರಬೇಕಾದದ್ದು ಕೋನದ ಬರಹದಲ್ಲಿ. ನಿಕಾನಿನಲ್ಲಿ 89.4120 ಅಂದರೆ 89°41′20″. ಎಸ್‌ಡಿಆರ್‌ನಲ್ಲಿ 89.4120 ಅಂದರೆ ದಶಮಾಂಶ ಡಿಗ್ರಿ, 89°24′43″. ಒಂದನ್ನು ಇನ್ನೊಂದು ಅಂತ ಓದಿದರೆ ಮೇಲಿನ 48 ಮೀಟರಿನ ಶಾಟಿನಲ್ಲೇ ಎತ್ತರ 23 ಸೆಂ.ಮೀ. ತಪ್ಪುತ್ತದೆ. ಗುರುತಿಸಲು ಉಪಾಯ: ಚುಕ್ಕಿಯ ನಂತರದ ಎರಡಂಕಿ ಎಲ್ಲಾದರೂ ಒಂದು ಕಡೆ 60 ಅಥವಾ ಹೆಚ್ಚು ಇದ್ದರೆ ಅದು ದಶಮಾಂಶ. 73 ಮಿನಿಟ್ ಅಂತ ಇರೋಕೆ ಸಾಧ್ಯವಿಲ್ಲವಲ್ಲ.

#16 ಉಪಗ್ರಹಮಿತ್ರ

ಜಿಎನ್‌ಎಸ್‌ಎಸ್‌ದು (ಜಿಪಿಎಸ್ ಥರ ಉಪಗ್ರಹಗಳಿಂದ ಸ್ಥಾನ ತಿಳಿಯುವ ಅಳತೆ) ಸ್ವಲ್ಪ ಬೇರೆ. ರಿಸೀವರಿನ ಮೂಲ ಫೈಲು ಬೈನರಿ, ಕಂಪನಿಗೊಂದು ಬಗೆ. ಅದನ್ನು ಎಲ್ಲ ಕಂಪನಿಗೂ ಸಾಮಾನ್ಯವಾದ ರೈನೆಕ್ಸ್ ಬಗೆಗೆ ಬದಲಿಸಿದರೆ ಪಠ್ಯ ಆಗುತ್ತದೆ, ಯಾವ ಸಾಫ್ಟ್‌ವೇರಾದರೂ ಓದುತ್ತದೆ. ಆರ್‌ಟಿಕೆಲಿಬ್ ಅನ್ನೋ ಉಚಿತ ಸಲಕರಣೆಯಲ್ಲಿ ಬದಲಿಸೋದೂ ಇದೆ, ಉಪಗ್ರಹಗಳ ಗ್ರಾಫ್ ನೋಡೋದೂ ಇದೆ. ಎರಡನ್ನೂ ಇಡಿ. ರೈನೆಕ್ಸ್ ಮಾತ್ರ ಇಟ್ಟರೆ ಬದಲಿಸುವಾಗ ಬಿಟ್ಟುಹೋದದ್ದು ಬಿಟ್ಟೇ ಹೋಯಿತು. ಬೈನರಿ ಮಾತ್ರ ಇಟ್ಟರೆ ಆ ಕಂಪನಿಯ ಸಾಫ್ಟ್‌ವೇರು ನಿಂತ ದಿನ ನೀವೂ ನಿಂತಿರಿ.

ಪೂರ್ತಿ ಪ್ರಿಂಟು ತೆಗೆಯೋ ಯೋಚನೆ ಬಿಡಿ. ಸೆಕೆಂಡಿಗೊಂದರಂತೆ ಎರಡು ಗಂಟೆ ಕೂತರೆ 7200 ದಾಖಲೆ, ಪ್ರತಿಯೊಂದರಲ್ಲೂ ಕಾಣುವ ಉಪಗ್ರಹಕ್ಕೊಂದು ಸಾಲು. ರೀಮುಗಟ್ಟಲೆ ಹಾಳೆ ಹೋಗುತ್ತದೆ. ತಲೆಭಾಗ ಮಾತ್ರ ತೆಗೆಯಿರಿ. ಅಲ್ಲಿ ಪ್ರತಿ ಸಾಲಿನ 61ರಿಂದ 80ನೇ ಅಕ್ಷರದವರೆಗೆ ಅದೇನು ಅಂತ ಹೆಸರಿರುತ್ತದೆ: ರಿಸೀವರಿನ ಸಂಖ್ಯೆ, ಆಂಟೆನಾ ಬಗೆ, ಆಂಟೆನಾ ಎತ್ತರ, ಅಂದಾಜು ಸ್ಥಾನ, ಮೊದಲ ದಾಖಲೆಯ ಸಮಯ. ಆಂಟೆನಾ ಎತ್ತರದ ಸಾಲನ್ನು ಫೀಲ್ಡ್ ಪುಸ್ತಕದ ಜೊತೆ ಹೋಲಿಸಿ. ರೈನೆಕ್ಸಿಗೆ ಬೇಕಿರುವುದು ಆಂಟೆನಾದ ಆಧಾರ ಬಿಂದುವಿಗೆ ಲಂಬ ಎತ್ತರ. ಓರೆಯಾಗಿ ಟೇಪು ಹಿಡಿದ 1.500ನ್ನು ಹಾಗೇ ತುಂಬಿದ್ದರೆ, ಆಂಟೆನಾ ತ್ರಿಜ್ಯ 10 ಸೆಂ.ಮೀ. ಅಂತ ಹಿಡಿದರೂ 3 ಮಿ.ಮೀ. ವ್ಯತ್ಯಾಸ. ಅಷ್ಟು ಸಣ್ಣದು ಸಾಗುತ್ತೆ, ಆದರೆ ಕೆಳ ಅಂಚಿಗೆ ಹಿಡಿದಿರಾ ಬದಿಯ ಗುರುತಿಗೆ ಹಿಡಿದಿರಾ ಅಂತ ಬರೆದಿಲ್ಲದಿದ್ದರೆ ತಪ್ಪು ಸೆಂಟಿಮೀಟರುಗಳಿಗೆ ಹೋಗುತ್ತದೆ.

ಇನ್ನೊಂದು, ನಮ್ಮ ಕಡೆಯದ್ದೇ. 78° ಪೂರ್ವ ರೇಖಾಂಶಕ್ಕೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ನಿರ್ದೇಶಾಂಕ ಕೊಡುವ ನಕ್ಷೆ ಪದ್ಧತಿ) ವಲಯ 43 ಮುಗಿದು 44 ಶುರುವಾಗುತ್ತದೆ. ಬೆಂಗಳೂರು 43ರಲ್ಲಿದೆ, ಕೋಲಾರ, ಮುಳಬಾಗಿಲು, ಕೆಜಿಎಫ್ 44ರಲ್ಲಿವೆ. ನಿರ್ದೇಶಾಂಕದ ಫೈಲಿಗೆ ವಲಯ ಬರೆಯದೆ ಇಟ್ಟರೆ ಹತ್ತು ವರ್ಷದ ಮೇಲೆ ಮಾಲೂರಿನ ಹೊಲ ಎಲ್ಲೋ ಆಂಧ್ರದಾಚೆ ಬಿದ್ದಿರುತ್ತದೆ. ಅಳತೆಯಲ್ಲೂ ವ್ಯತ್ಯಾಸ ಇದೆ. ಬೆಂಗಳೂರು ವಲಯದ ಅಂಚಿಗೆ ಹತ್ತಿರ, ಸಮುದ್ರಮಟ್ಟದಿಂದ 900 ಮೀ. ಮೇಲೆ. ಎರಡೂ ಸೇರಿ ನೆಲದ ಮೇಲಿನ 100 ಮೀ. ಯುಟಿಎಂ ಹಾಳೆಯಲ್ಲಿ ಸುಮಾರು 100.04 ಆಗಿ ಕಾಣುತ್ತದೆ. ಟೋಟಲ್ ಸ್ಟೇಷನ್ನಿನ ರಾ ದೂರ ನೆಲದ್ದು. ಎರಡೂ ಹೊಂದೋಲ್ಲ ಅಂತ ಯಂತ್ರಕ್ಕೆ ಬೈಯುವ ಮುಂಚೆ ಇದನ್ನು ನೋಡಿ.

#17 ತುದಿಗಲ್ಲು

ಈಗ ಬ್ಯಾಕಪ್. ಸದ್ಯ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ, ಒಂದು ಲ್ಯಾಪ್‌ಟಾಪಿನಲ್ಲಿ. ಗೂಗಲ್ ಡ್ರೈವ್ ಸಿಂಕ್ ಕೂಡ ಇದೆ. ಸಾಲದಾ?

#18 ಕೆಂಪುಬಾವುಟ

ಸಾಲದು. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಮಾಯ. ಎಕ್ಸೆಲ್ಲು ಕೆಡಿಸಿದ ಫೈಲನ್ನೂ ನಿಷ್ಠೆಯಿಂದ ಮೇಲಕ್ಕೆ ಏರಿಸುತ್ತದೆ. ವಿಂಡೋಸಿನ ಕಾಪಿ ಸಲಕರಣೆ ರೋಬೊಕಾಪಿ ಬಳಸುವವರು 'ಮಿರರ್' ಆಯ್ಕೆಯನ್ನೂ ಹಾಗೇ ಭಾವಿಸಿ: ಮೂಲದಲ್ಲಿ ಇಲ್ಲದ್ದನ್ನು ಅದು ಗುರಿಯಲ್ಲೂ ಅಳಿಸುತ್ತದೆ. ಮೂಲ ಮತ್ತು ಗುರಿಯನ್ನು ಅದಲುಬದಲು ಬರೆದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ನುಂಗುತ್ತದೆ.

ಗಾತ್ರದ ಚಿಂತೆ ನಿಮಗೆ ಇಲ್ಲ. ನಿಮ್ಮ ಆರು ಪದದ ಸಾಲು 96 ಬೈಟ್, ಸಾಲು ಮುರಿಯುವ ಗುರುತಿಗೆ 2, ಒಟ್ಟು 98. ಸಾವಿರ ಶಾಟಿಗೆ 100 ಕೆಬಿ ಕೂಡ ಆಗೋಲ್ಲ. ಮುನ್ನೂರು ಫೈಲೂ ಸೇರಿ ಒಂದು ಫೋಟೋದಷ್ಟೋ ನಾಲ್ಕು ಫೋಟೋದಷ್ಟೋ ಆದೀತು. ಇಷ್ಟು ಚಿಕ್ಕದನ್ನು ಕಳೆದುಕೊಂಡರೆ ಕ್ಷಮೆ ಇಲ್ಲ!

ಕ್ರಮ ಹೀಗೆ. ಕೆಲಸಕ್ಕೊಂದು ಫೋಲ್ಡರು, ಹೆಸರು ವರ್ಷ-ತಿಂಗಳು-ದಿನ, ಆಮೇಲೆ ಗ್ರಾಮ, ಸರ್ವೆ ನಂಬರು. 45/2ರಲ್ಲಿನ ಓರೆಗೆರೆ ಫೈಲಿನ ಹೆಸರಿಗೆ ಹೊಂದೋಲ್ಲ, ಅಡಿಗೆರೆ ಹಾಕಿ. ತಾರೀಖು ಹೆಸರಿನಲ್ಲೇ ಇರಲಿ, ಯಾಕೆಂದರೆ ಜಿಎಸ್‌ಐ ಸಾಲಿನಲ್ಲಿ ಸಾಮಾನ್ಯವಾಗಿ ದಿನಾಂಕ ಇರುವುದಿಲ್ಲ, ಕಾಪಿ ಮಾಡಿದಾಗ ವಿಂಡೋಸಿನ 'ಸೃಷ್ಟಿಸಿದ ದಿನ' ಬದಲಾಗುತ್ತದೆ. ಒಳಗೆ ಮೂರು ಉಪಫೋಲ್ಡರು: ಮೂಲ, ಲೆಕ್ಕ, ಪ್ರಿಂಟು. ಫೀಲ್ಡ್ ಸ್ಕೆಚ್ಚಿನ ಫೋಟೋ ಮೂಲದ ಜೊತೆಗೇ ಹೋಗಲಿ.

ಆಮೇಲೆ 7-ಜಿಪ್ ಹಾಕಿಕೊಂಡಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ತೆಗೆಯಿರಿ. 64 ಅಕ್ಷರದ ಬೆರಳಚ್ಚು ಅದು. ಫೈಲಿನಲ್ಲಿ ಒಂದು ಸೊನ್ನೆ ಬದಲಾದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಎಲ್ಲವನ್ನೂ ಒಂದು ಪಟ್ಟಿ ಮಾಡಿ ಅದೇ ಫೋಲ್ಡರಿಗೆ ಹಾಕಿ, ಹಸಿ ಪ್ರಿಂಟಿನ ಕೊನೆಯಲ್ಲೂ ಅಚ್ಚು ಹಾಕಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಬೇರೆ ರೂಮಿನಲ್ಲಿ ಅಲ್ಲ, ಬೇರೆ ಊರಿನಲ್ಲಿ. ಪೆನ್‌ಡ್ರೈವನ್ನು ಸಾಗಿಸೋಕೆ ಬಳಸಿ, ಕೂಡಿಡೋಕೆ ಬೇಡ. ವರ್ಷಕ್ಕೊಮ್ಮೆ ಪ್ರತಿಯಿಂದ ಹತ್ತು ಫೈಲು ತೆಗೆದು ಬೆರಳಚ್ಚು ಹೋಲಿಸಿ.

#19 ಹಳೆಕಡತ

ಬೆರಳಚ್ಚಿಗೆ ಕಾನೂನಿನ ಕಾರಣವೂ ಇದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯ ಪ್ರಿಂಟನ್ನು ಕೋರ್ಟಿಗೆ ಕೊಡುವಾಗ ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಬದಲು ಈಗ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎ, ಬಿ ಅಂತ ಎರಡು ಭಾಗ, ದಾಖಲೆಯ ಹ್ಯಾಶ್ ಮೌಲ್ಯ, ಅಂದರೆ ಆ ಬೆರಳಚ್ಚು, ಬರೆಯುವ ಜಾಗವೂ ಇದೆ. ಇಳಿಸಿದ ದಿನವೇ ತೆಗೆದ ಹ್ಯಾಶ್ ಕೈಯಲ್ಲಿದ್ದರೆ, 'ನಡುವೆ ತಿದ್ದಿದ್ದೀರಿ' ಅನ್ನುವ ಮಾತಿಗೆ ಉತ್ತರ ಇರುತ್ತದೆ. ಕೇಸು ಬಂದ ಮೇಲೆ ತೆಗೆದ ಹ್ಯಾಶ್ ಆ ದಿನದಿಂದ ಈಚಿನದ್ದಕ್ಕೆ ಮಾತ್ರ ಸಾಕ್ಷಿ.

ಕನ್ನಡದಲ್ಲಿ ಬರೆದ ಹಳೆ ಟಿಪ್ಪಣಿ ಇದ್ದವರಿಗೆ ಇನ್ನೊಂದು ಮಾತು. ನುಡಿ, ಬರಹಗಳ ಹಳೆ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಚೆಕ್ಕುಬಂದಿ ವಿವರ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯಾ ಅಂತ ಕಣ್ಣಾಡಿಸಿ, ಹಳೆಯದನ್ನೂ ಬಿಸಾಡದೆ ಇಡಿ. ಪ್ರಿಂಟಿನ ಪ್ರತಿಯನ್ನು ಪಿಡಿಎಫ್/ಎ ಮಾಡಿದರೆ ಫಾಂಟು ಫೈಲಿನೊಳಗೇ ಕೂರುತ್ತದೆ.

#20 ಪ್ಲಂಬ್‌ಬಾಬ್

ಬ್ಯಾಕಪ್ ಮಾಡುವ ಮೊದಲು ಫೈಲು ಪೂರ್ತಿ ಇಳಿದಿದೆಯಾ ನೋಡಿ. ಅರ್ಧ ಫೈಲಿನ ಮೂರು ಪ್ರತಿ ಇಟ್ಟು ಏನು ಪ್ರಯೋಜನ? ಹಳೆ ಯಂತ್ರದಿಂದ ಸೀರಿಯಲ್ ಕೇಬಲಿನಲ್ಲಿ ಇಳಿಸುವವರಿಗೆ ಇದು ಮುಖ್ಯ. ಎರಡೂ ಕಡೆ ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ಹೊಂದಿರಬೇಕು. ವೇಗ ಅಥವಾ ಪ್ಯಾರಿಟಿ ತಪ್ಪಿದರೆ ಕಸ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದ್ದು ಹ್ಯಾಂಡ್‌ಶೇಕ್ (ಬಂತು, ಮುಂದಿನದು ಕಳಿಸು ಅಂತ ಎರಡೂ ಕಡೆ ಹೇಳಿಕೊಳ್ಳುವುದು) ಇಲ್ಲದೆ ಇಳಿಸಿದಾಗ ನಡುವೆ ಉದುರುವ ಸಾಲುಗಳು.

ಜಿಎಸ್‌ಐನಲ್ಲಿ ಇದಕ್ಕೆ ಒಳಗೇ ಪರೀಕ್ಷೆ ಇದೆ. ಮೊದಲ ಪದದ 3ರಿಂದ 6ನೇ ಸ್ಥಾನ ಬ್ಲಾಕ್ ಸಂಖ್ಯೆ. 110002, 110003, 110004 ಅಂತ ಒಂದೊಂದೇ ಏರಬೇಕು. ನಡುವೆ ಹಾರಿದ್ದರೆ ಸಾಲು ಎಲ್ಲೋ ಬಿದ್ದಿದೆ. ಯಂತ್ರದ ಮೆಮೊರಿ ಅಳಿಸುವುದು ಈ ಪರೀಕ್ಷೆ ಆದ ಮೇಲೆ.

#21 ತುದಿಗಲ್ಲು

ಎಲ್ಲ ಫೈಲಿಗೂ ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡಿದೆ. ಹೆಚ್ಚಿನವು ಸರಿ. ಒಂದರಲ್ಲಿ 0214 ಆದ ಮೇಲೆ ಸೀದಾ 0216. ಅದೇ ಫೈಲಿನಲ್ಲಿ ಇಂಥದು ಇನ್ನೂ ಆರು ಕಡೆ. ಯಂತ್ರದಲ್ಲಿ ಆ ಕೆಲಸ ಈಗಿಲ್ಲ. ಸಾಲು ಹೋಯಿತು ಅಂತಲೇ ಲೆಕ್ಕವಾ?

#22 ಪ್ಲಂಬ್‌ಬಾಬ್

ಶೀಟಿಗೆ 11ರಿಂದ ಶುರುವಾಗುವ ಸಾಲುಗಳನ್ನು ಮಾತ್ರ ತೆಗೆದುಕೊಂಡಿದ್ದೀರಾ? ಕೋಡ್ ಸಾಲು 41ರಿಂದ ಶುರುವಾಗುತ್ತದೆ, ಅದಕ್ಕೂ ಇದೇ ಸರಣಿಯಲ್ಲಿ ಸಂಖ್ಯೆ ಬೀಳುತ್ತದೆ. ಶೀಟು ಬಿಡಿ, ಮೂಲ ಫೈಲಿನ ಕಾಪಿಯಲ್ಲಿ 410215 ಅಂತ ಹುಡುಕಿ.

#23 ತುದಿಗಲ್ಲು

ಇದೆ.

410215+00000007 42....+00000045

ಉಳಿದ ಆರೂ 41ರ ಸಾಲುಗಳೇ. ಕೋಡ್ 7 ಅಂದರೆ ಗಡಿಕಲ್ಲು ಅಂತ ಆ ಕೆಲಸದ ಫೀಲ್ಡ್ ಸ್ಕೆಚ್ಚಿನ ಮೂಲೆಯಲ್ಲಿ ಬರೆದಿದೆ, 45 ಸರ್ವೆ ನಂಬರು. ಸ್ಕೆಚ್ಚನ್ನೂ ಸ್ಕ್ಯಾನ್ ಮಾಡಿ 'ಮೂಲ' ಫೋಲ್ಡರಿಗೆ ಹಾಕುತ್ತಿದ್ದೇನೆ.